ಹಸಿರು ದಾರಿ ತುಂಬಾ ರಂಗೋಲಿ

"ಟ್ರಿಣ್ ಟ್ರಿಣ್! ಟ್ರಿಣ್ ಟ್ರಿಣ್! ಅಜ್ಜೀ, ದಾರ ಎತ್ತು!"

"ಎತ್ತಲ್ಲ ಕಣೇ. ಈಗ ತಾನೇ ಗಂಜಿ ಬಳಿದೀನಿ. ಒಣಗಬೇಕು."

"ನಂಗೆ ಸ್ಕೂಲಿಗೆ ಲೇಟಾಗ್ತೈತೆ!"

"ಇಳಿದು ದಬ್ಬಿಕೊಂಡು ಹೋಗು. ದೇವರು ಎರಡು ಕಾಲು ಕೊಟ್ಟಿಲ್ವಾ?"

ರೂಪ ಮುಖ ಊದಿಸಿಕೊಂಡು ಸೈಕಲ್ಲಿನಿಂದ ಇಳಿದಳು. ಅವಳು ಆರನೇ ಕ್ಲಾಸು. ಆ ಬೆಳಿಗ್ಗೆ ಅವಳು ಸೈಕಲ್ ಇಳಿದದ್ದು ಇದೇ ಮೊದಲು. ಶಾಲೆ ಮುಟ್ಟುವುದರೊಳಗೆ ಇನ್ನೂ ಹತ್ತು ಸಲ ಇಳಿಯುವುದು ಬಾಕಿ ಇತ್ತು.

ಚಳ್ಳಕೆರೆಯ ಎಣ್ಣೆ ಮಿಲ್ ರಸ್ತೆಯಲ್ಲಿ ಸೈಕಲ್ಲುಗಳಿಗೆಂದೇ ಒಂದು ದಾರಿ ಮಾಡಿ ಒಂದು ವರ್ಷವಾಗಿತ್ತು. ರಸ್ತೆಯ ಎಡಬದಿಗೆ ಮಂಚದಷ್ಟು ಅಗಲಕ್ಕೆ ಹಸಿರು ಬಣ್ಣ ಬಳಿದು, ಲಾರಿ ಬಸ್ಸು ಹತ್ತದ ಹಾಗೆ ಮೊಣಕಾಲೆತ್ತರದ ಕಂಬ ನೆಟ್ಟಿದ್ದರು. ಬೋರ್ಡಿನಲ್ಲಿ 'ಸೈಕಲ್ ಪಥ' ಎಂದು ಬರೆದಿತ್ತು. ಜನ ಮಾತ್ರ ಹಸಿರು ದಾರಿ ಎಂದೇ ಕರೆಯುತ್ತಿದ್ದರು.

ಆದರೆ ನೆಟ್ಟಗೆ, ನುಣ್ಣಗೆ, ಬಿಸಿಲು ಬೀಳುವ ಅಷ್ಟುದ್ದದ ಜಾಗ ಕಂಡರೆ ಯಾರು ತಾನೇ ಸುಮ್ಮನಿರುತ್ತಾರೆ, ಹೇಳಿ? ರೂಪಳ ಅಜ್ಜಿ ಯರ್ರಮ್ಮ ಕಂಬಳಿ ನೇಯುವವಳು. ಕಂಬಳಿಯ ಉಣ್ಣೆ ದಾರವನ್ನು ಮಗ್ಗಕ್ಕೆ ಹಾಕುವ ಮೊದಲು ಉದ್ದಕ್ಕೆ ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿ ಬಳಿದು ಒಣಗಿಸಬೇಕು. ಮೊದಲು ಅದಕ್ಕಾಗಿ ಊರಾಚೆ ಹೋಗುತ್ತಿದ್ದಳು. ಈಗ ಮನೆಯ ಮುಂದೆಯೇ ಹಸಿರು ದಾರಿ! ಕಟ್ಟಲು ಕಂಬಗಳು ಬೇರೆ! "ಪಾಪ, ನನ್ನ ಮೊಣಕಾಲು ನೋವು ನೋಡಿಯೇ ಮಾಡಿಸಿದಾರೆ" ಎಂದು ಅಜ್ಜಿ ಗಟ್ಟಿಯಾಗಿ ನಂಬಿದ್ದಳು.

ಅಜ್ಜಿಯ ದಾರ ದಾಟಿದರೆ ದುರುಗಕ್ಕನ ಮೆಣಸಿನಕಾಯಿ. ಅದರಾಚೆ ಯಾರದೋ ಕಡಲೆಕಾಯಿ, ಅದರಾಚೆ ಮೂರು ಕುರಿ, ಒಂದು ಹೋತ. ಮುಂದೆ ಓಬಯ್ಯನ ಮಂಡಕ್ಕಿ ಹೋಟೆಲಿನ ಬೆಂಚು. ಬೆಂಚಿನ ಮೇಲೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಕೂತವರ ಚಾಚಿದ ಕಾಲು.

ಸುತ್ತಿ ರಸ್ತೆಗೆ ಇಳಿದು ಹೋಗೋಣವೆಂದರೆ ಅವ್ವನ ರೂಲ್ಸು ಅಡ್ಡ. ರೂಪಳ ಅಪ್ಪ ಲಾರಿ ಡ್ರೈವರ್. "ಮೇಲೆ ಕೂತವರಿಗೆ ಕೆಳಗೆ ಬರೋ ಸಣ್ಣ ಸೈಕಲ್ ಕಾಣಂಗಿಲ್ಲ" ಎಂದು ಅವನೇ ಒಮ್ಮೆ ಬಾಯಿ ತಪ್ಪಿ ಹೇಳಿದ್ದ. ಅವತ್ತಿನಿಂದ ಅವ್ವ ರೇಣುಕಮ್ಮ ಒಂದೇ ಮಾತು ಹೇಳುತ್ತಿದ್ದಳು: "ಹಸಿರು ಬಿಟ್ಟು ಒಂದು ಗೇಣು ಆಚೆ ಹೋದಿ ಅಂತ ಗೊತ್ತಾದ್ರೆ, ಅವತ್ತೇ ಸೈಕಲ್ ರಾಂಪುರಕ್ಕೆ, ನಿಮ್ಮತ್ತೆ ಮಗನಿಗೆ."

ಅದಕ್ಕೇ ರೂಪ ಚರಂಡಿಯ ಕಲ್ಲಿನ ಮೇಲೆ ಸೈಕಲ್ ದಬ್ಬುತ್ತಾ ಸರ್ಕಸ್ ಮಾಡುತ್ತಿದ್ದಳು.

ಅವತ್ತು ಓಬಯ್ಯನ ಹೋಟೆಲಿನ ಮುಂದಿನ ಲೈಟು ಕಂಬಕ್ಕೆ ಒಂದು ಹೊಸ ಕಾಗದ ಅಂಟಿಸಿತ್ತು. ಜನ ಅದರ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದರು.

"ರೂಪಾ, ಬಾರಮ್ಮ ಇಲ್ಲಿ. ನನ್ನ ಕನ್ನಡಕ ಮನೇಲೈತೆ" ಎಂದ ಓಬಯ್ಯ. ಅವನ ಕನ್ನಡಕ ಹತ್ತು ವರ್ಷದಿಂದ ಮನೆಯಲ್ಲೇ ಇತ್ತು. ಅದನ್ನು ಕಂಡವರು ಯಾರೂ ಇಲ್ಲ.

ರೂಪ ಗಟ್ಟಿಯಾಗಿ ಓದಿದಳು. "ಎಣ್ಣೆ ಮಿಲ್ ರಸ್ತೆಯ ಸೈಕಲ್ ಪಥದಲ್ಲಿ ಸೈಕಲ್ಲುಗಳೇ ಓಡಾಡುತ್ತಿಲ್ಲವೆಂದು ದೂರು ಬಂದಿರುತ್ತದೆ. ಬರುವ ಸೋಮವಾರ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆಯವರೆಗೆ ಸೈಕಲ್ಲುಗಳನ್ನು ಎಣಿಸಲಾಗುವುದು. ಐವತ್ತಕ್ಕಿಂತ ಕಡಿಮೆ ಬಂದಲ್ಲಿ ಸದರಿ ಪಥವನ್ನು ತೆಗೆದು ಕಾರ್ ಪಾರ್ಕಿಂಗ್ ಮಾಡಲಾಗುವುದು."

ಕೊನೆಯ ಸಾಲು ಓದುವಾಗ ಅವಳ ದನಿ ಸಣ್ಣದಾಯಿತು. ಹಸಿರು ದಾರಿ ಹೋದರೆ ಸೈಕಲ್ಲೂ ಹೋಯಿತು. ಸೈಕಲ್ ಹೋದರೆ ಹಿಂದಿನ ವರ್ಷದ ಹಾಗೆ ಅಜ್ಜಿಯ ಕೈ ಹಿಡಿದು ನಡೆದುಕೊಂಡೇ ಶಾಲೆಗೆ ಹೋಗಬೇಕು. ಅಜ್ಜಿಯೋ ಎದುರಿಗೆ ಸಿಕ್ಕವರನ್ನೆಲ್ಲ "ಉಂಡ್ಯಾ? ಸೊಸೆ ಹೆಂಗವಳೆ? ಎಮ್ಮೆ ಈದೈತಾ?" ಎಂದು ಮಾತಾಡಿಸಿಕೊಂಡು ಹೋಗುವವಳು. ಅಜ್ಜಿಯ ಜೊತೆ ಹೋದರೆ ಶಾಲೆ ಒಂದೂವರೆ ಕಿಲೋಮೀಟರ್ ಅಲ್ಲ, ಒಂದೂವರೆ ಗಂಟೆ ದೂರ!

"ತೆಗೀತಾರಂತಾ? ನಮ್ಮ ದಾರೀನಾ?" ಓಬಯ್ಯ ಜಾಲರಿ ಸೌಟು ಹಿಡಿದುಕೊಂಡೇ ಬೀದಿಗೆ ಹಾರಿದ. "ಅದೆಂಗೆ ತೆಗೀತಾರೋ ನೋಡೇಬಿಡ್ತೀನಿ!"

"ಹಂಗಾದ್ರೆ ನನ್ನ ಮೆಣಸಿನಕಾಯಿ ಎಲ್ಲಿ ಹಾಕ್ಲಿ?" ಎಂದು ದುರುಗಕ್ಕ ಎದೆ ಬಡಿದುಕೊಂಡಳು.

ಸುದ್ದಿ ಮುಟ್ಟಿದಾಗ ಯರ್ರಮ್ಮಜ್ಜಿ ಗಂಜಿಯ ಕುಂಚವನ್ನು ಹಿಡಿದೇ ಓಡಿಬಂದಳು. ಅವಳು ಆಂಧ್ರದ ಗಡಿಯ ರಾಂಪುರದ ಕಡೆಯವಳು. ಸಿಟ್ಟು ಬಂದರೆ ಬಾಯಲ್ಲಿ ತೆಲುಗು ಬರುತ್ತಿತ್ತು. "ಅಯ್ಯೋ ದೇವುಡಾ! ಯಾರು ಆ ದೂರು ಕೊಟ್ಟೋನು?"

ದೂರು ಕೊಟ್ಟವನು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಪಾತ್ರೆ ಅಂಗಡಿಯ ಬೊಮ್ಮಲಿಂಗಪ್ಪ. ಅವನು ಹೊಸದಾಗಿ ಬಿಳಿ ಕಾರು ತಂದಿದ್ದ. ಸೀಟಿನ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಕಾರು ನಿಲ್ಲಿಸಲು ಜಾಗವಿಲ್ಲದೆ ಪಾಪ ದಿನಕ್ಕೊಂದು ಕಡೆ ನಿಲ್ಲಿಸುತ್ತಿದ್ದ. ಬೇವಿನ ಮರದ ಕೆಳಗೆ ನಿಲ್ಲಿಸಿದರೆ ಕಾಗೆಗಳು ಬಿಡುತ್ತಿರಲಿಲ್ಲ. ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ಟು ಚೆನ್ನಾಗಿ ಕಾದಿದೆಯೆಂದು ದುರುಗಕ್ಕ ಅದರ ಮೇಲೂ ಮೆಣಸಿನಕಾಯಿ ಹರಡುತ್ತಿದ್ದಳು.

"ಹೌದ್ರೀ, ನಾನೇ ಕೊಟ್ಟಿದ್ದು!" ಬೊಮ್ಮಲಿಂಗಪ್ಪ ಅಂಗಡಿಯಿಂದ ಇಳಿದು ಬಂದ. "ಸೈಕಲ್ ದಾರಿ, ಸೈಕಲ್ ದಾರಿ ಅಂತೀರಲ್ಲ, ಅದರ ಮೇಲೆ ಒಂದೇ ಒಂದು ಸೈಕಲ್ ತೋರಿಸ್ರಿ ನೋಡಾನ!"

ಎಲ್ಲರೂ ತಿರುಗಿ ನೋಡಿದರು. ಹಸಿರು ದಾರಿಯ ಮೇಲೆ ಹೋತವೊಂದು ಕಣ್ಣು ಮುಚ್ಚಿ ಮೆಲುಕು ಹಾಕುತ್ತಾ ಮಲಗಿತ್ತು. ಇದ್ದ ಒಂದೇ ಸೈಕಲ್ಲು ಚರಂಡಿ ಕಲ್ಲಿನ ಮೇಲೆ, ರೂಪಳ ಕೈಯಲ್ಲಿತ್ತು.

ಬೊಮ್ಮಲಿಂಗಪ್ಪ ಹೇಳೋದು ಸುಳ್ಳೇನಲ್ಲ ಅನ್ನಿಸಿತು ರೂಪಳಿಗೆ. ಆದರೆ ಅಷ್ಟು ಜನ ದೊಡ್ಡವರ ನಡುವೆ ಹೇಗೆ ಹೇಳುವುದು? ಸೈಕಲ್ ದಬ್ಬಿಕೊಂಡು ಶಾಲೆಗೆ ಹೋದಳು.

ಸಂಜೆ ಓಬಯ್ಯನ ಹೋಟೆಲಿನಲ್ಲಿ ಮೀಟಿಂಗ್ ನಡೆಯಿತು. ಇಡೀ ಬೀದಿ ಬಂದಿತ್ತು. ಎಲ್ಲರೂ ಒಟ್ಟಿಗೇ ಮಾತಾಡಿದರು. ಆದ್ದರಿಂದ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಆದರೂ ಎಲ್ಲರೂ ಒಪ್ಪಿದರು. "ಬೇಕೇ ಬೇಕು! ಹಸಿರು ದಾರಿ ಬೇಕೇ ಬೇಕು!" ಎಂದು ಕೂಗಿ ಕೂಗಿ ಹಸಿವಾಗಿ, ನಾಲ್ಕು ಪ್ಲೇಟ್ ಮಿರ್ಚಿ ಎನ್ನುವ ಕಡೆ ನಲವತ್ತು ಪ್ಲೇಟ್ ಖಾಲಿಯಾಯಿತು. ಇಂಥ ಹೋರಾಟ ವಾರಕ್ಕೊಂದು ಆದರೂ ಸರಿಯೇ ಎಂದ ಓಬಯ್ಯ.

"ಕೂಗಿದ್ರೆ ಆಗಲ್ಲ ಓಬಯ್ಯ ಮಾವ, ಸೈಕಲ್ ಬೇಕು" ಎಂದಳು ರೂಪ. ಈ ಸಲ ಹೇಳಿಯೇಬಿಟ್ಟಳು.

"ಹುಡುಗಿ ಹೇಳೋದು ಸರಿ ಐತೆ!" ಎಂದ ಓಬಯ್ಯ. "ಸೈಕಲ್ ಕರೆಸೋ ಜವಾಬ್ದಾರಿ ನಿಮ್ಮದು, ಹುಡುಗರದ್ದು. ದಾರಿ ರೆಡಿ ಮಾಡೋದು ನಮ್ಮದು. ನೀವೇನೂ ಯೋಚನೆ ಮಾಡಬ್ಯಾಡ್ರಿ!"

ಆಮೇಲೆ ರೂಪ ಮತ್ತು ಅವಳ ಕ್ಲಾಸಿನ ಮಾರುತೇಶ ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಮನೆ ಮನೆ ಸುತ್ತಿದರು. ಮಾರುತೇಶನ ಸೈಕಲ್ಲಿಗೆ ಬ್ರೇಕ್ ಇರಲಿಲ್ಲ. ಚಪ್ಪಲಿಯೇ ಬ್ರೇಕು. ಅವನ ಬಲಗಾಲಿನ ಚಪ್ಪಲಿ ಹಪ್ಪಳದಷ್ಟು ತೆಳ್ಳಗಾಗಿತ್ತು. ಭಾನುವಾರ ಸಂಜೆಯ ಹೊತ್ತಿಗೆ ರೂಪಳ ರಫ್ ಬುಕ್ಕಿನಲ್ಲಿ ಅವರಿಬ್ಬರದೂ ಸೇರಿ ಅರವತ್ತಮೂರು ಹೆಸರಿದ್ದವು.

"ಐವತ್ತು ಸಾಕು. ನಮ್ಮ ಹತ್ರ ಹದಿಮೂರು ಎಕ್ಸ್‌ಟ್ರಾ!" ಎಂದ ಮಾರುತೇಶ.

ರೂಪ ಖುಷಿಯಿಂದ ಸೈಕಲ್ಲನ್ನು ಎರಡು ಸಲ ಒರೆಸಿ, ಅದಕ್ಕೆ ಗುಡ್ ನೈಟ್ ಹೇಳಿ ಮಲಗಿದಳು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವಳು ಸೈಕಲ್ ಹಿಡಿದು ಬಾಗಿಲಿಗೆ ಬಂದವಳು ಹಾಗೇ ನಿಂತುಬಿಟ್ಟಳು.

ಹಸಿರು ದಾರಿ ಖಾಲಿ! ದಾರ ಇಲ್ಲ, ಮೆಣಸಿನಕಾಯಿ ಇಲ್ಲ, ಬೆಂಚು ಇಲ್ಲ, ಹೋತವನ್ನೂ ಯಾರೋ ಕಟ್ಟಿಹಾಕಿದ್ದಾರೆ. ಆದರೆ ಒಂದು ಕಡ್ಡಿ ಇಡಲೂ ಜಾಗವಿಲ್ಲ. ಎಣ್ಣೆ ಮಿಲ್ಲಿನ ಗೇಟಿನಿಂದ ಶಾಲೆಯ ತಿರುವಿನವರೆಗೆ, ಈ ತುದಿಯಿಂದ ಆ ತುದಿಗೆ, ರಂಗೋಲಿಯೋ ರಂಗೋಲಿ!

ನಡೆದದ್ದು ಇಷ್ಟು. ಬೆಳಿಗ್ಗೆ ಐದಕ್ಕೆ ಎದ್ದ ಯರ್ರಮ್ಮಜ್ಜಿ, ಆಫೀಸರು ಬರುತ್ತಾರೆ, ಜಾಗ ಹಾಗೇ ಬಿಡಲಾಗುತ್ತದೆಯೇ ಎಂದು ಮನೆಯ ಮುಂದಿನಷ್ಟು ಹಸಿರು ದಾರಿಯನ್ನು ಗುಡಿಸಿ, ನೀರು ಚಿಮುಕಿಸಿ, ಒಂದು ರಂಗೋಲಿ ಹಾಕಿದಳು. ಅದನ್ನು ನೋಡಿದ ದುರುಗಕ್ಕ ತಾನೇನು ಕಡಿಮೆ ಎಂದು ಎರಡು ನವಿಲು ಬಿಟ್ಟಳು. ನವಿಲು ನೋಡಿದ ಆಚೆ ಮನೆಯ ದ್ರಾಕ್ಷಾಯಣಮ್ಮ ತಾವರೆ ಕೊಳ ತೋಡಿದಳು. ಅಲ್ಲಿಂದ ಬೆಂಕಿ ಹತ್ತಿದ ಹಾಗೆ ಬೀದಿ ತುಂಬಾ ಹಬ್ಬಿತು. ಬಣ್ಣದ ಪುಡಿ ಮುಗಿದವರು ಅರಿಶಿನ ಕುಂಕುಮ ಸುರಿದಿದ್ದರು.

ಎಂಟೂವರೆಗೆ ಸರಿಯಾಗಿ ಆಫೀಸರ್ ಜಂಬುಲಿಂಗಪ್ಪ ಬಂದರು. ಸಣ್ಣ ಮನುಷ್ಯ, ದೊಡ್ಡ ಮೀಸೆ. ಕೈಯಲ್ಲಿ ಒತ್ತಿದರೆ ಟಿಕ್ ಎನ್ನುವ ಪುಟ್ಟ ಮೆಷಿನ್. ಓಬಯ್ಯ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬಿಸಿ ಮಿರ್ಚಿ ಕೊಟ್ಟ.

"ರೂಲ್ಸ್ ಅಂದ್ರೆ ರೂಲ್ಸ್" ಎಂದರು ಅವರು, ಮಿರ್ಚಿ ಕಚ್ಚಿ ಹಾ ಹಾ ಎನ್ನುತ್ತಾ. "ಹಸಿರಿನ ಮೇಲೆ ಚಕ್ರ ಉರುಳಬೇಕು. ಮೇಲೆ ಜನ ಕೂತಿರಬೇಕು. ಅದು ಮಾತ್ರ ಲೆಕ್ಕ."

ಅಷ್ಟರಲ್ಲಿ ಟ್ರಿಣ್ ಟ್ರಿಣ್ ಎಂದು ದೊಡ್ಡ ಸದ್ದಾಯಿತು. ರೂಪಳದು ಬಿಟ್ಟು ಉಳಿದ ಅರವತ್ತೆರಡು ಸೈಕಲ್ಲುಗಳು! ಮಾರುತೇಶ ಮುಂದೆ, ಉಳಿದವರು ಹಿಂದೆ. ಇನ್ನೇನು ಹಸಿರು ದಾರಿಗೆ ಹತ್ತಬೇಕು, ದುರುಗಕ್ಕ ಪೊರಕೆ ಹಿಡಿದು ಅಡ್ಡ ನಿಂತಳು.

"ಏಯ್! ನನ್ನ ನವಿಲಿನ ಮೇಲೆ ಹತ್ತಿಸಿದ್ರೆ ನೋಡು!"

"ಅಕ್ಕಾ, ಸೈಕಲ್ ಎಣಿಸಾಕೆ ಬಂದವ್ರೆ!"

"ಎಣಿಸ್ಲಿ ಬಿಡು, ಬ್ಯಾಡ ಅಂದೋರು ಯಾರು? ರಂಗೋಲಿ ತುಳೀಬ್ಯಾಡ ಅಷ್ಟೆ!"

ಮಾರುತೇಶನಿಗೆ ಬ್ರೇಕ್ ಇರಲಿಲ್ಲವಲ್ಲ! ಅವನು ಚಪ್ಪಲಿ ಒತ್ತಿ, ಕಿರುಚಿ, ಕೊನೆಗೆ ಪೊರಕೆಗೆ ಹೆದರಿ, ಅಲ್ಲೇ ಇದ್ದ ಹುಲ್ಲಿನ ಹೊರೆಯೊಳಗೆ ನುಗ್ಗಿ ನಿಂತ. ಅವನ ಹಿಂದೆ ಉಳಿದ ಸೈಕಲ್ಲುಗಳು ಒಂದರ ಹಿಂದೊಂದು ಬಂದು ಸಾಲಾಗಿ ನಿಂತವು. ಎಲ್ಲ ಮನೆಯ ಮುಂದೆಯೂ ಒಬ್ಬೊಬ್ಬರು ತಮ್ಮ ತಮ್ಮ ರಂಗೋಲಿಗೆ ಕಾವಲು ನಿಂತಿದ್ದರು. ಒಬ್ಬ ಹುಡುಗನೂ ಮುಂದೆ ಹೋಗಲು ಧೈರ್ಯ ಮಾಡಲಿಲ್ಲ.

ಒಂದು ನಾಯಿ ಮಾತ್ರ ಯಾರ ಮಾತೂ ಕೇಳದೆ ತಾವರೆ ಕೊಳದ ಮೇಲೆ ನಡೆದುಹೋಯಿತು.

"ನಾಯಿ ಲೆಕ್ಕಕ್ಕಿಲ್ಲ" ಎಂದರು ಜಂಬುಲಿಂಗಪ್ಪ.

ಒಂಬತ್ತಾಯಿತು. ಮೆಷಿನ್ನಿನಲ್ಲಿ ಸೊನ್ನೆ. ಒಂಬತ್ತೂಕಾಲಾಯಿತು, ಆಗಲೂ ಸೊನ್ನೆ. ಬೊಮ್ಮಲಿಂಗಪ್ಪ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ, ನನ್ನ ಕಾರು ಇಲ್ಲಿ ನಿಲ್ಲಿಸಲೋ ಅಲ್ಲಿ ನಿಲ್ಲಿಸಲೋ ಎಂದು ಜಾಗ ನೋಡತೊಡಗಿದ. "ಬೇಕೇ ಬೇಕು! ಹಸಿರು ದಾರಿ ಬೇಕೇ ಬೇಕು!" ಎಂದು ಎಲ್ಲರೂ ಮತ್ತೆ ಜೋರಾಗಿ ಕೂಗಿದರು. ಕೂಗುತ್ತಲೇ ಪೊರಕೆ ಬೀಸಿ ಸೈಕಲ್ಲುಗಳನ್ನು ಹಿಂದಕ್ಕೆ ಓಡಿಸಿದರು.

ರೂಪಳಿಗೆ ಅಳು ಬಂತು. ನಗುವೂ ಬರುವ ಹಾಗಿತ್ತು, ಆದರೆ ಅಳುವೇ ಮೊದಲು ಬಂತು. ಅವಳು ಸೈಕಲ್ ದಬ್ಬಿಕೊಂಡು ಅಜ್ಜಿಯ ಹತ್ತಿರ ಹೋದಳು.

ಅಜ್ಜಿ ತನ್ನ ರಂಗೋಲಿಯ ಪಕ್ಕ ಮೊಣಕಾಲು ನೀವಿಕೊಳ್ಳುತ್ತಾ ಕೂತಿದ್ದಳು. ಹೂವಿಲ್ಲ, ನವಿಲಿಲ್ಲ. ಅಜ್ಜಿ ಬರೆದಿದ್ದುದು ಒಂದು ಸೈಕಲ್. ಎರಡು ಚಕ್ರ, ಚಕ್ರದ ಒಳಗೆ ಹೂವಿನ ಎಸಳಿನಂಥ ಕಡ್ಡಿಗಳು, ಮೇಲೆ ಎರಡು ಜಡೆಯ ಹುಡುಗಿ. ಸೈಕಲ್ಲಿನ ಬೆಲ್ಲು ಮಾತ್ರ ಕುಂಬಳಕಾಯಿಯಷ್ಟು ದೊಡ್ಡದಿತ್ತು.

"ಅಜ್ಜೀ, ಇದು ನಾನಾ?"

"ಮತ್ತಿನ್ಯಾರು? ದಿನಾ ಕಿವಿ ಹತ್ರ ಟ್ರಿಣ್ ಟ್ರಿಣ್ ಅಂತ ಬಡಕಂತೀಯಲ್ಲ."

ರೂಪ ಕಣ್ಣು ಒರೆಸಿಕೊಂಡಳು. ಎಷ್ಟು ಚೆಂದ ಇತ್ತು! ಇದರ ಮೇಲೆ ಸೈಕಲ್ ಹತ್ತಿಸಲು ಅವಳಿಗೂ ಮನಸ್ಸು ಬರಲಿಲ್ಲ. ಅವಳ ಕಣ್ಣು ಹಾಗೇ ಮನೆಯ ಬಾಗಿಲ ಕಡೆ ಹೋಯಿತು. ಅಲ್ಲೂ ಅಜ್ಜಿ ದಿನಾ ಹಾಕುವ ಪುಟ್ಟ ರಂಗೋಲಿ ಇತ್ತು. ಅದರ ಅರ್ಧ ಆಗಲೇ ಅಳಿಸಿತ್ತು. ಹೊರಗೆ ಬರುವಾಗ ರೂಪಳೇ ತುಳಿದಿದ್ದಳು. ಉಳಿದರ್ಧವನ್ನು ಕೋಳಿಗಳು ಕೆದಕುತ್ತಿದ್ದವು.

"ಅಜ್ಜೀ, ಬಾಗಿಲ ಮುಂದಿನ ರಂಗೋಲಿ ನಾನು ದಿನಾ ತುಳ್ಕೊಂಡೇ ಹೋಗ್ತೀನಿ. ಒಂದಿನಾನೂ ಬೈದಿಲ್ಲ ನೀನು."

"ಬಾಗಿಲಿಂದು ಬ್ಯಾರೆ ಕಣೇ, ಇದು ಬ್ಯಾರೆ."

"ಹೆಂಗೆ ಬ್ಯಾರೆ?"

ಅಜ್ಜಿ ಮೊಣಕಾಲು ಹಿಡಿದು ಎದ್ದಳು. ಒಮ್ಮೆ ಬಾಗಿಲು ನೋಡಿದಳು, ಒಮ್ಮೆ ಸೊನ್ನೆ ಹಿಡಿದು ಕೂತ ಜಂಬುಲಿಂಗಪ್ಪನವರನ್ನು ನೋಡಿದಳು. ಆಮೇಲೆ, ಏನು ಹೊಳೆಯಿತೋ, ಹಲ್ಲಿಲ್ಲದ ಬಾಯಿ ತುಂಬಾ ನಕ್ಕಳು. ಸೀರೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು.

"ಹತ್ತೇ ರೂಪಿ. ಮೊದಲು ನಂದರ ಮೇಲೇ ಹೋಗು. ದುರುಗಿ ನವಿಲಿನ ಮೇಲೆ ಮೊದಲು ಹೋದ್ರೆ ಜಗಳ ಆಗ್ತೈತೆ."

"ಅಳಿಸಿಹೋಗ್ತೈತಜ್ಜಿ."

"ನನ್ನ ಕೈ ಏನು ಸವೆದೋಗೈತಾ? ಹತ್ತೇ ಅಂದ್ರೆ!"

ರೂಪ ಹತ್ತಿದಳು. ಮುಂದಿನ ಚಕ್ರ ರಂಗೋಲಿಯ ಹುಡುಗಿಯ ಜಡೆಯ ಮೇಲೆ ಹಾಯಿತು. ಆಮೇಲೆ ಬೆಲ್ಲಿನ ಮೇಲೆ. ಬೀದಿಗೆ ಬೀದಿಯೇ 'ಹಾ!' ಎಂದು ಉಸಿರೆಳೆಯಿತು.

ಟಿಕ್.

"ಒಂದು" ಎಂದರು ಜಂಬುಲಿಂಗಪ್ಪ.

"ಯರ್ರಮ್ಮನೇ ತುಳಿಸಿದ ಮೇಲೆ ನಂದೇನು ಬಂಗಾರದ ನವಿಲಾ? ಬರ್ರಲೇ!" ಎಂದು ದುರುಗಕ್ಕ ಪೊರಕೆ ಬಿಸಾಕಿದಳು. ಮಾರುತೇಶ ತಲೆ ತುಂಬಾ ಹುಲ್ಲಿನೊಂದಿಗೆ ಹೊರಬಂದು ಪೆಡಲ್ ಒತ್ತಿದ. ಅವನ ಹಿಂದೆ ಸೈಕಲ್ಲುಗಳು ತೂಬು ಒಡೆದ ಕೆರೆಯ ನೀರಿನಂತೆ ನುಗ್ಗಿದವು. ನವಿಲು ತಾವರೆಯಾಯಿತು, ತಾವರೆ ಮೋಡವಾಯಿತು. ಅರಿಶಿನ ಕುಂಕುಮ ಎದ್ದು ಜಂಬುಲಿಂಗಪ್ಪನವರ ಮೀಸೆ ಕೆಂಪಗಾಯಿತು. ಟಿಕ್ ಟಿಕ್ ಟಿಕ್ ಟಿಕ್! ಎಣಿಸುವ ಅವಸರದಲ್ಲಿ ಅವರು ಮೆಷಿನ್ ಎಂದುಕೊಂಡು ಮಿರ್ಚಿಯನ್ನೂ ಎರಡು ಸಲ ಒತ್ತಿದರು. ಬೆರಳಿಗೆ ಅಂಟಿದ ಎಣ್ಣೆ ಒರೆಸಿಕೊಂಡು, ಮರ್ಯಾದೆಯಾಗಿ, ಬಿಟ್ಟುಹೋದ ಎರಡನ್ನೂ ಸೇರಿಸಿದರು.

ಓಬಯ್ಯನೂ ತನ್ನ ಹಳೆಯ ಸೈಕಲ್ ತಂದ. ಆದರೆ ಅದನ್ನು ಅವನು ಹತ್ತುವ ಮೊದಲೇ ಬೊಮ್ಮಲಿಂಗಪ್ಪ ಓಡಿಬಂದು ಹ್ಯಾಂಡಲ್ ಕಸಿದುಕೊಂಡ. ಅವನ ಅತ್ತೆ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಇನ್ನೂ ಕಾರು ಬರಲಿಲ್ಲವೇ ಎಂದು ಮೂರು ಸಲ ಫೋನ್ ಮಾಡಿದ್ದರು. ಕಾರಿನ ಮುಂದೆ ದ್ರಾಕ್ಷಾಯಣಮ್ಮ, ಹಿಂದೆ ಕುರಿ, ಸುತ್ತ ನೂರು ಜನ. ಕಾರು ಅಲ್ಲಾಡುವ ಹಾಗಿರಲಿಲ್ಲ.

"ಅರ್ಜೆಂಟ್ ಐತೆ ಓಬಯ್ಯ, ಐದೇ ನಿಮಿಷ!" ಎನ್ನುತ್ತಾ ಬೊಮ್ಮಲಿಂಗಪ್ಪ ಪಂಚೆ ಎತ್ತಿ ಹತ್ತಿ, ಹಸಿರು ದಾರಿಯ ಮೇಲೆ ಓಲಾಡುತ್ತಾ ತೇಲಾಡುತ್ತಾ ಹೋದ.

ಟಿಕ್. "ಅರವತ್ತನಾಲ್ಕು."

ಬೀದಿ ಬಿದ್ದು ಬಿದ್ದು ನಕ್ಕಿತು. ಬೊಮ್ಮಲಿಂಗಪ್ಪನಿಗೂ ನಗು ತಡೆಯಲಾಗದೆ ಸೈಕಲ್ ಇನ್ನಷ್ಟು ವಾಲಿತು.

ಜಂಬುಲಿಂಗಪ್ಪ ಮೀಸೆ ಒರೆಸಿಕೊಂಡು ಕಾಗದದಲ್ಲಿ ಬರೆದರು. "ಹಸಿರು ದಾರಿ ಇರ್ತೈತೆ. ಆದ್ರೆ ಒಂದು ಮಾತು ಕೇಳ್ರಿ. ಮುಂದಿನ ವರ್ಷ ಹೇಳದೆ ಕೇಳದೆ ಬರ್ತೀನಿ. ಆವತ್ತು ಈ ಜಾಗದಲ್ಲಿ ಹೋತ ಮಲಗಿರಬಾರದು." ಎಲ್ಲರೂ ಹೋತವನ್ನು ಗುರಾಯಿಸಿದರು, ತಪ್ಪೆಲ್ಲ ಅದರದ್ದೇ ಎನ್ನುವ ಹಾಗೆ.

ಸಂಜೆ ಎಣ್ಣೆ ಮಿಲ್ಲಿನ ಕೆಲಸ ಮುಗಿಸಿ ಬಂದ ಅವ್ವ ಎಲ್ಲ ಕೇಳಿ, ಕೊನೆಗೆ ಕೇಳಿದ್ದು ಒಂದೇ: "ಹಸಿರು ಬಿಟ್ಟು ಆಚೆ ಹೋಗ್ಲಿಲ್ಲ ತಾನೆ?"

"ಇಲ್ಲವ್ವ."

"ಹಂಗಾದ್ರೆ ರಾಂಪುರದೋರು ಬ್ಯಾರೆ ಸೈಕಲ್ ತಗಳ್ಳಿ" ಎಂದು ಅವ್ವ ರೂಪಳ ಕೆನ್ನೆಗೆ ಅಂಟಿದ್ದ ಅರಿಶಿನ ಒರೆಸಿದಳು.

ಮಾರನೆಯ ಬೆಳಿಗ್ಗೆ ರೂಪ ಸೈಕಲ್ ತೆಗೆದಳು. ಅಜ್ಜಿಯ ದಾರ ಸುತ್ತಿದ ಹಾಗೇ ಜಗುಲಿಯ ಮೇಲಿತ್ತು. ಗಂಜಿಯ ಪಾತ್ರೆ ಮುಚ್ಚಿತ್ತು. "ನಿನ್ನ ಸ್ಕೂಲ್ ಬೆಲ್ ಹೊಡೀಲಿ, ಆಮೇಲೆ ಕಟ್ತೀನಿ. ಬಿಸಿಲೆಲ್ಲಿ ಓಡಿಹೋಗ್ತೈತೆ?" ಎಂದಳು ಅಜ್ಜಿ. ಅವಳ ಬೆರಳ ತುದಿ ಬೆಳ್ಳಗಿತ್ತು.

ಹಸಿರು ದಾರಿಯ ಮೇಲೆ, ಮನೆಯ ನೇರಕ್ಕೆ, ಹೊಸ ಸೈಕಲ್ ಬರೆದಿತ್ತು. ಎರಡು ಚಕ್ರ, ಎರಡು ಜಡೆ. ಬೆಲ್ಲು ನಿನ್ನೆಗಿಂತ ದೊಡ್ಡದು.

ರೂಪ ಅಭ್ಯಾಸದಂತೆ ಅದನ್ನು ಬಳಸಿ ಹೋಗಲು ಹ್ಯಾಂಡಲ್ ಸ್ವಲ್ಪ ತಿರುಗಿಸಿದಳು. ತಿರುಗಿ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಮೊಣಕಾಲು ನೀವುತ್ತಾ ಅದೇ ನಗು ನಗುತ್ತಿದ್ದಳು. ನಿನ್ನೆ ಅಜ್ಜಿ ಯಾಕೆ ಹಾಗೆ ನಕ್ಕಳೆಂದು ರೂಪಳಿಗೆ ಈಗ ತಿಳಿಯಿತು: ಬಾಗಿಲ ರಂಗೋಲಿಯ ಹಾಗೆ ಇದೂ ತುಳಿಯುವುದಕ್ಕೇ ಬರೆದದ್ದು. ಅವಳು ಹ್ಯಾಂಡಲ್ ನೆಟ್ಟಗೆ ಮಾಡಿ, ರಂಗೋಲಿಯ ನಟ್ಟನಡುವೆಯೇ ಹಾಯಿಸಿದಳು.

ಸ್ವಲ್ಪ ದೂರ ಹೋಗಿ ಹಿಂದಿರುಗಿ ನೋಡಿದರೆ, ಅವಳ ಚಕ್ರಕ್ಕೆ ಅಂಟಿದ ಬಿಳಿ ಪುಡಿ ಹಸಿರಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಅವಳ ಹಿಂದೆಯೇ ಬರುತ್ತಿತ್ತು. ದಾರಿಗೆ ಅಡ್ಡ ಯಾರೂ ಇರಲಿಲ್ಲ. ಆದರೂ ಅವಳು ಜೋರಾಗಿ ಬೆಲ್ ಹೊಡೆದಳು.